ಹನ್ನೊಂದು ತಿಂಗಳ ದಿಬ್ಬ

ಹನ್ನೊಂದು ತಿಂಗಳಿಂದ ಸೀತುವಿನ ಮನೆಯಲ್ಲಿ ಮರುವಾಯಿ, ಹೊಳೆಯ ಮರಳಿನಲ್ಲಿ ಸಿಗುವ ಚಿಪ್ಪುಮೀನು, ಬೇಯಿಸಿರಲಿಲ್ಲ. ಹಂಗಾರಕಟ್ಟೆಯ ಹೊಳೆದಂಡೆಯಲ್ಲೇ ಹುಟ್ಟಿ, ನಾಲ್ಕು ಮನೆ ಆಚೆಗೆ ಮದುವೆಯಾಗಿ, ನಲವತ್ತೈದು ವರ್ಷ ಸೊಂಟಮಟ್ಟದ ನೀರಿನಲ್ಲಿ ನಿಂತು ಕಾಲ್ಬೆರಳಿನಿಂದ ಚಿಪ್ಪು ತಡಕಿದ ಹೆಂಗಸಿನ ಮನೆಯಲ್ಲಿ ಇಂಥದ್ದೊಂದು ನೇಮ ಬಂತೆಂದರೆ ನಗು ಬರುವ ವಿಷಯವೇ. ಮಗ ಶೈಲೇಶ ನಕ್ಕೂ ಇದ್ದ.

“ಬ್ಯಾರೆ ಕಡಿಂದ ತಂದ್ ಬೇಯ್ಸ್ರೂ ಆತಿಲ್ಯಾ ಅಮ್ಮ?”

“ಬೇಯುವ ವಾಸ್ನಿ ಮೇಲೆ ಯಾವ್ ದಿಬ್ಬದ್ದ್ ಅಂದ್ ಬರ್ದಿರ್ತಾ? ನಾನ್ ಸಂಘದ ಅಧ್ಯಕ್ಷೆ ಮರಾಯಾ. ನಮ್ಮನಿ ಬದಿಂದ ವಾಸ್ನಿ ಬಪ್ಪುಕಾಗ.”

ದಿಬ್ಬ ಎಂದರೆ ಅವರ ಮನೆಯ ಎದುರಿಗೇ ಹೊಳೆಯ ನಡುವೆ ಇದ್ದ ಮರಳಿನ ಏರು. ಭರತದಲ್ಲಿ ಮುಳುಗುತ್ತದೆ, ಇಳಿತದಲ್ಲಿ ಎರಡು ಗದ್ದೆಯಷ್ಟು ಅಗಲಕ್ಕೆ ಬೆನ್ನು ತೋರಿಸುತ್ತದೆ. ಊರಿನ ಮೂವತ್ತೆರಡು ಹೆಂಗಸರ ಅನ್ನ ಅದರಲ್ಲಿತ್ತು. ಐದಾರು ವರ್ಷದಿಂದ ಸಿಕ್ಕಿದ್ದನ್ನೆಲ್ಲ ಬಾಚಿ ಬಾಚಿ, ಕೊನೆಗೆ ಉಗುರಿನಗಲದ ಮರುವಾಯಿ ಬಿಟ್ಟು ಬೇರೆ ಸಿಗದ ಹಾಗಾಯಿತು. ಒಂದು ವರ್ಷ ಯಾರೂ ಕಾಲಿಡದಿದ್ದರೆ ಮರಿ ಬಲಿತು ದೊಡ್ಡದಾಗುತ್ತದೆ ಎಂದು ಮೀನುಗಾರಿಕೆ ಇಲಾಖೆಯವರು ಆ ಹೆಂಗಸರ ಸಂಘದ ಸಭೆಯಲ್ಲಿ ಹೇಳಿ ಹೋದರು. ಅವರು ಹೇಳಿದ್ದು ಯಾರಿಗೂ ತಲೆಗೆ ಹೋಗಲಿಲ್ಲ. ತಲೆಗೆ ಹೋದದ್ದು ಸೀತು ಹೇಳಿದ ಮೇಲೆ.

“ಸಣ್ಣದ್ ಕಿಲೋಕ್ಕೆ ನೂರಿಪ್ಪತ್ತ್ ಚಿಪ್ಪ್ ಬೇಕ್. ಕೊಡುದ್ ನಲ್ವತ್ತ್ ರೂಪಾಯಿ. ದೊಡ್ಡದಾರೆ ಮೂವತ್ತ್ ಚಿಪ್ಪಿಗೆ ಕಿಲೋ ಆತ್, ನೂರಿಪ್ಪತ್ತ್ ರೂಪಾಯಿ ಬತ್ತ್. ಸೊಂಟ ಬಗ್ಗುದ್ ನಾವೇ ಅಲ್ದಾ? ಎಷ್ಟ್ ಸಲ ಬಗ್ಗ್‌ಕ್ ಅಂದ್ ನೀವೇ ಹೇಳಿ.”

ಮೀನುಗಾರರ ದೈವ ಬೊಬ್ಬರ್ಯನ ಕಲ್ಲಿನ ಮುಂದೆ ತೆಂಗಿನಕಾಯಿ ಇಟ್ಟು ಮಾತು ಕೊಟ್ಟದ್ದು ಹೋದ ಮಕರ ಸಂಕ್ರಾಂತಿಯಂದು. ಮುಂದಿನ ಸಂಕ್ರಾಂತಿಯವರೆಗೆ ದಿಬ್ಬಕ್ಕೆ ಕಾಲಿಡುವ ಹಾಗಿಲ್ಲ. ಹೆಂಗಸರು ಆಚೆ ದಡದ ಕೆಸರಿನಲ್ಲಿ ಸಿಕ್ಕಷ್ಟು ಹೆಕ್ಕಿದರು, ಕೆಲವರು ಮೀನು ಕತ್ತರಿಸುವ ಕೆಲಸಕ್ಕೆ ಹೋದರು. ಸೀತುವಿನ ಸೊಸೆ ವಿನಯಾ ಕೂಡ ಹೋದಳು. ದಿನವಿಡೀ ಐಸು ಮುಟ್ಟಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು.

ಡಿಸೆಂಬರ್ ಮೊದಲ ವಾರ, ಒಂದು ಸಂಜೆ, ಕುಚ್ಚಲಕ್ಕಿ ಗಂಜಿಗೆ ಒಣಮೀನು ಸುಟ್ಟು ಇಟ್ಟಿದ್ದಳು ವಿನಯಾ. ಮೀನು ಹಿಡಿಯುವವನ ಮನೆಯಲ್ಲಿ ಆ ವಾರವಿಡೀ ಹಸಿ ಮೀನಿರಲಿಲ್ಲ. ಶೈಲೇಶನ ಸಣ್ಣ ದೋಣಿಯ ಇಂಜಿನ್ನು ಮಳೆಗಾಲಕ್ಕಿಂತ ಮುಂಚೆಯೇ ಕೆಟ್ಟು ಅಂಗಳದಲ್ಲಿ ಗೋಣಿ ಹೊದ್ದು ಮಲಗಿತ್ತು. ಬೇರೆಯವರ ದೋಣಿಗೆ ಕೂಲಿಗೆ ಹೋದರೆ, ಲೈಟು ಹಾಕಿ ಹಿಡಿಯುವ ದೊಡ್ಡ ಬೋಟಿನವರು ಬಳಿದು ಬಿಟ್ಟದ್ದರಲ್ಲಿ ಪಾಲು.

“ಪರ್ಮಿಟ್ ಬಪ್ಪುದಿತ್ತ್,” ಎಂದ ಶೈಲೇಶ, ಗಂಜಿಯ ಬಟ್ಟಲಿನಿಂದ ತಲೆ ಎತ್ತದೆ. “ಹೊಯ್ಗಿ ತೆಗುಕೆ. ನನ್ ಹೆಸ್ರಗೆ.”

ಕರಾವಳಿಯಲ್ಲಿ ಹೊಯ್ಗೆ ಎಂದರೆ ಮರಳು. ಅದು ಎಲ್ಲರಿಗೂ ಗೊತ್ತು. ಅದರ ಬೆಲೆಯೂ ಗೊತ್ತು.

“ನಿನ್ ದೋಣಿಗೆ ಇಂಜಿನ್ನೇ ಇಲ್ಲೆ, ಹೊಯ್ಗಿ ಎಂತದ್ರಗೆ ತೆಗಿತೆ?” ಎಂದಳು ಸೀತು.

“ದೋಣಿ, ಆಳ್, ಟಿಪ್ಪರ್ ಎಲ್ಲ ಬ್ರಹ್ಮಾವರದ ಮನೀಷಣ್ಣಂದ್. ಊರಿನವ್ರ ಹೆಸ್ರ್ ಬೇಕಲ್ದಾ, ಅದ್ ನಂದ್. ಲೋಡಿಗೆ ಇಷ್ಟ್ ಅಂದ್ ನಂಗ್ ಕೊಡ್ತ್ರ್. ಹೊಸ ಇಂಜಿನ್ ತಕಂಬುಕಾತ್.”

“ಎಲ್ಲಿ ತೆಗುದ್?”

ಶೈಲೇಶ ಒಣಮೀನಿನ ತಲೆಯನ್ನು ಬಟ್ಟಲಿನ ಅಂಚಿಗೆ ತಳ್ಳಿದ.

“ಹ್ವಾಯ್, ಕೇಂಡದ್ದ್ ನಿನ್ ಹತ್ರ.”

“ನಮ್ಮೆದ್ರಿನ ದಿಬ್ಬ.”

ವಿನಯಾ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಸೀತು ಮಾತ್ರ ಸಮಾಧಾನದಿಂದಲೇ ಹೇಳಿದಳು: “ಅದ್ ಆಪ್ಪುದಲ್ಲ. ದೋಣಿಗೆ ಅಡ್ಡ ಆಪ್ಪು ದಿಬ್ಬ ಮಾತ್ರ ತೆಗುಕೆ ಬಿಡುದ್. ಅಡ್ಡ ಆತ್ತ್ ಅಂದ್ ಊರಿನ ಮೀನುಗಾರ್ರೇ ಹೇಳ್ಕ್. ಯಾರ್ ಹೇಳಿದ್ರ್?”

ಗೋಡೆಗೆ ಒರಗಿ ಉಣ್ಣುತ್ತಿದ್ದ ಕೊರಗ, ಸೀತುವಿನ ಗಂಡ, ಬಟ್ಟಲು ಕೆಳಗಿಟ್ಟ.

“ನಾನ್ ಹೇಳದ್ದ್.”

“ನೀವಾ?”

“ಹೋದ ಶುಕ್ರವಾರ ನಾಕ್ ಜನ ಆಫೀಸಿನವ್ರ್ ಬಂದಿದ್ರ್. ನಾನ್ ಬಲಿ ಹೊಲಿತಾ ಕೂತಿದ್ದೆ. ‘ಅಜ್ಜ, ಈ ದಿಬ್ಬ ದೋಣಿಗೆ ತಾಗ್ತದಾ’ ಅಂದ್ ಕೇಂಡ್ರ್. ಇಳ್ತಕ್ಕೆ ತಾಗ್ತ್ ಅಂದೆ. ತಾಗುದಿಲ್ಯಾ ಮತ್ತೆ? ನಾನ್ ಸಣ್ಣದಿಪ್ಪತ್ತಿಗೇ ತಾಗ್ತಿತ್ತ್.”

ಈ ಹೊಳೆಯ ದೋಣಿಯವರಿಗೆ ದಿಬ್ಬಕ್ಕೆ ಬೈಯುವುದು ಒಂದು ಅಭ್ಯಾಸ. ದೋಣಿಯ ಅಡಿ ಗೀರಿದಾಗ ಬೈಯುತ್ತಾರೆ, ಗೀರದಿದ್ದರೂ ದಾಟುವಾಗ ಒಂದು ಸಲ ಬೈಯುತ್ತಾರೆ. ಅತ್ತೆ ಸೊಸೆಗೆ ಬೈದ ಹಾಗೆ ಅದು. ಮನೆ ಬಿಟ್ಟು ಹೋಗಲಿ ಎಂದಲ್ಲ. ಆದರೆ ಕಾಗದದಲ್ಲಿ ಬರೆದುಕೊಂಡವರಿಗೆ ಅದು ಹೇಗೆ ಗೊತ್ತಾಗಬೇಕು?

“ಎಲ್ಲಿ ತಾಗ್ತ್ ಅಂದೂ ತೋರ್ಸಿ ಕೊಟ್ರ್ಯಾ?”

“ಕೇಂಡ್ರ್, ತೋರ್ಸ್ದೆ. ಎಷ್ಟ್ ಮಾರ್ ನೀರ್, ಯಾವ್ ಬದಿ ಆಳ, ಎಲ್ಲ ಹೇಳ್ದೆ. ಅವ್ರಿಗೆಂತ ಗೊತ್ತಿತ್ತ್ ಪಾಪ, ಶೂ ಹಾಕಂಡ್ ನಿಂತಿದ್ರ್.”

“ಸೈನ್?”

“ಹಾಕ್ದೆ. ‘ಹಿರಿಯ ಮೀನುಗಾರರು’ ಅಂದ್ ಬರ್ದಿದ್ರ್.” ಅಷ್ಟು ಹೇಳುವಾಗ ಮುದುಕನ ಮುಖದಲ್ಲಿ ಒಂದು ಗಳಿಗೆ ಹೆಮ್ಮೆಯೇ ಬಂದು ಹೋಯಿತು.

“ಹಿರಿಯರ್!” ಎಂದಳು ಸೀತು. “ಹೆಂಡ್ತಿ ಹನ್ನೊಂದ್ ತಿಂಗ್ಳ್ ಕಾದ ದಿಬ್ಬ ಕೊಟ್ಟ್ ಬಂದ ಹಿರಿಯರ್. ಶೈಲೇಶ, ಅವ್ರನ್ನ ಅಪ್ಪಯ್ಯನ ಹತ್ರ ಕರ್ಕಂಡ್ ಬಂದದ್ದ್ ಯಾರ್?”

“ನಾನೇ,” ಎಂದ ಶೈಲೇಶ. “ನಾನ್ ಸುಳ್ಳ್ ಹೇಳಿ ಅನ್ಲಿಲ್ಲೆ. ಅಪ್ಪಯ್ಯ ಇದ್ದದ್ದೇ ಹೇಳಿದ್ದ್.”

“ಸಂಕ್ರಾಂತಿಗೆ ಆರ್ ವಾರ ಇತ್ತ್ ಮಗಾ. ಒಂದೊಂದ್ ಮರುವಾಯಿ ನನ್ ಅಂಗೈಯಷ್ಟ್ ಆಯಿರ್ತ್ ಈಗ.”

“ಮರುವಾಯಿಯಗೆ ಇಂಜಿನ್ ಬತ್ತಾ? ಹೆಂಗ್ಸ್ರ್ ಮೂವತ್ತೆರ್ಡ್ ಜನ ಪಾಲ್ ಮಾಡಿರೆ ನಮ್ಮನಿಗೆ ಸಿಕ್ಕುದ್ ಎಷ್ಟ್?”

“ಪ್ರತಿ ವರ್ಷ ಸಿಕ್ಕುತ್ತ್. ನಿನ್ ಹೊಯ್ಗಿ ಒಂದೇ ಸಲ.”

“ಒಂದೇ ಸಲಕ್ಕಾರೂ ಸಿಕ್ಕ್‌ಲಿ,” ಎಂದು ಶೈಲೇಶ ಎದ್ದು ಕೈ ತೊಳೆಯಲು ಹೋದ. ಬಟ್ಟಲಿನಲ್ಲಿ ಅರ್ಧ ಗಂಜಿ ಹಾಗೇ ಇತ್ತು. ವಿನಯಾ ಅದನ್ನು ಕೋಳಿಗೆ ಚೆಲ್ಲಿದಳು.

ಮರುದಿನ ಸೀತು ಮತ್ತು ಪಕ್ಕದ ಮನೆಯ ಸುಗುಣ ಬ್ರಹ್ಮಾವರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮರಳಿನ ಪರ್ಮಿಟ್ ಕೊಡುವ ಮಣಿಪಾಲದ ಕಚೇರಿಗೆ ಹೋದರು. ಅರ್ಜಿಯನ್ನು ಸುಗುಣಳ ಮಗಳು ಧನ್ಯಶ್ರೀ ಬರೆದುಕೊಟ್ಟಿದ್ದಳು. ದಿಬ್ಬದಲ್ಲಿ ಮರುವಾಯಿ ಬೆಳೆಯುತ್ತಿದೆ, ಮೂವತ್ತೆರಡು ಹೆಂಗಸರು ಅದನ್ನು ನಂಬಿದ್ದಾರೆ, ಮರಳು ತೆಗೆಯಲು ಬಿಡಬಾರದು, ಬೇಕಾದರೆ ಬಂದು ನೋಡಿ. ಕೆಳಗೆ ಮೂವತ್ತೆರಡು ಸಹಿ. ವಿನಯಾಳದೂ ಇತ್ತು.

ಮೇಜಿನ ಹಿಂದಿದ್ದವನು ಓದಿ, ಠಸ್ಸೆ ಹೊಡೆದು, “ಮೊಬೈಲ್ ನಂಬರ್ ಹೇಳಿ,” ಎಂದ.

ಸೀತು ಹತ್ತು ಅಂಕೆಗಳನ್ನು ಮಗ್ಗಿಯ ಹಾಗೆ ಒಪ್ಪಿಸಿದಳು. ರೇಷನ್ ಅಂಗಡಿಗೆ, ಗ್ಯಾಸಿನವರಿಗೆ, ಬ್ಯಾಂಕಿಗೆ, ಆಸ್ಪತ್ರೆಗೆ, ಎಲ್ಲ ಕಡೆಗೂ ಅವಳು ಕೊಡುತ್ತ ಬಂದದ್ದು ಆ ಒಂದೇ ನಂಬರು. ಅವಳಿಗೆ ಬಾಯಿಪಾಠ ಇದ್ದದ್ದೂ ಅದೊಂದೇ. ಶೈಲೇಶನ ನಂಬರು.

“ನೋಡ್ಲಿಕ್ಕೆ ಬರುವಾಗ ಫೋನ್ ಮಾಡ್ತಾರೆ,” ಎಂದ ಅವನು.

ಬಸ್ಸಿನಲ್ಲಿ ಸುಗುಣ ಕೇಳಿದಳು: “ಸೀತಕ್ಕ, ಫೋನ್ ಬಂದ್ರೆ ಶೈಲೇಶ ಹೇಳ್ತ್ನಾ?”

“ಹೇಳ್ದೇ ಎಂತ? ಜಗಳ ಬೇರೆ, ಮನಿ ಬೇರೆ.”

ಆಮೇಲಿನ ಎರಡು ವಾರ ಆ ಮನೆಯಲ್ಲಿ ಮಾತು ಕಡಿಮೆ, ಪಾತ್ರೆಗಳ ಸದ್ದು ಜಾಸ್ತಿ. ಅಪ್ಪ ಮಗ ಒಟ್ಟಿಗೆ ಊಟಕ್ಕೆ ಕೂರುವುದು ನಿಂತಿತು. ಕೊರಗ ದಿನಾ ಇಳಿತದ ಹೊತ್ತಿಗೆ ದಂಡೆಗೆ ಹೋಗಿ ದಿಬ್ಬ ನೋಡಿ ಬರುತ್ತಿದ್ದ. ಒಂದು ಸಲವೂ ಅದಕ್ಕೆ ಬೈಯಲಿಲ್ಲ. ವಿನಯಾ ಅತ್ತೆ ಮತ್ತು ಗಂಡನ ನಡುವೆ ಸಿಕ್ಕಿಬಿದ್ದಿದ್ದಳು.

“ನೀವ್ ಹೆಸ್ರ್ ವಾಪಸ್ ತಕಣಿ,” ಎಂದಳು ಒಂದು ಬೆಳಿಗ್ಗೆ ಗಂಡನಿಗೆ, ಅಂಗಳ ಗುಡಿಸುತ್ತ.

“ವಾಪಸ್ ತಕಂಡ್ರೆ ಮನೀಷಣ್ಣ ಇನ್ನೊಬ್ನ ಹೆಸ್ರ್ ಹಾಕ್ತ. ದಿಬ್ಬ ಹ್ಯಾಂಗೂ ಹೋತ್. ದುಡ್ಡ್ ಬ್ಯಾರೆಯವ್ನ ಮನಿಗೆ ಹೋತ್, ಅಷ್ಟೇ.”

“ಹೋಯ್ಲಿ. ನಾವಂತೂ ಕೊಟ್ಟದ್ದಲ್ಲ ಅಂದ್ ಆತ್ತಲ್ದಾ.”

“ನಿನ್ ಕೈ ಕಾಣ್ ಒಂದ್ ಸಲ,” ಎಂದ ಶೈಲೇಶ. “ಐಸ್ ಮುಟ್ಟಿ ಮುಟ್ಟಿ ಬಾಣಂತಿ ಕೈ ಹಾಂಗ್ ಆಯಿತ್ತ್. ಇಂಜಿನ್ ಬಂದ್ರೆ ನೀನ್ ಆ ಕೆಲ್ಸ ಬಿಡುಕಾತ್. ಅದನ್ನೂ ಸ್ವಲ್ಪ ಲೆಕ್ಕಕ್ಕೆ ಹಿಡಿ.”

ವಿನಯಾ ಗುಡಿಸುವುದನ್ನು ಮುಂದುವರಿಸಿದಳು. ಅವನು ಹೇಳಿದ್ದೂ ಸುಳ್ಳಲ್ಲ ನೋಡಿ.

ಒಂದು ಗುರುವಾರ ಸಂಜೆ ಶೈಲೇಶ ಜಗಲಿಯಲ್ಲಿ ನಿಂತು, ಯಾರಿಗೆಂದಿಲ್ಲದೆ ಹೇಳಿದ: “ಸೋಮವಾರ ದೋಣಿ ಬತ್ತ್ ಅಂಬ್ರ್. ಹನ್ನೆರ್ಡ್ ದೋಣಿ. ಆಳ್ಗಳ್ ಬಿಹಾರದವ್ರ್.”

ಸೀತು ತೆಂಗಿನಕಾಯಿ ತುರಿಯುತ್ತಿದ್ದಳು. “ಮಣಿಪಾಲದಿಂದ ಫೋನ್ ಬಂತಾ?”

“ಬಂದ್ರೆ ಹೇಳ್ದೆ ಇಪ್ಪುಕಾತಾ?”

ಸುದ್ದಿ ದಂಡೆಯುದ್ದಕ್ಕೂ ಹೋಗಲು ಗಂಟೆಯೂ ಬೇಕಾಗಲಿಲ್ಲ. ಶುಕ್ರವಾರ ಸಂಜೆ ಮೂವತ್ತೆರಡು ಹೆಂಗಸರೂ ಸೀತುವಿನ ಅಂಗಳದಲ್ಲಿದ್ದರು.

“ಸೀತಕ್ಕ, ನಾಳೆ ಇಳ್ತಕ್ಕೆ ತೆಗ್ದ್ ಬಿಡುವ,” ಎಂದಳು ಸುಗುಣ. “ಹೊಯ್ಗಿ ದೋಣಿಯವ್ರ್ ಬುಟ್ಟಿ ಹಾಕಿರೆ ಮರುವಾಯಿಯೂ ಟಿಪ್ಪರಿಗೇ ಹೋಪ್ದ್. ಯಾರ್ದೋ ಮನಿ ಗೋಡಿಗೆ.”

“ಅರ್ಜಿ ಕೊಟ್ಟಿತ್ತಲ್ಲ. ಬಂದ್ ಕಾಂತ್ರ್ ಅಂದಿದ್ರ್.”

“ಯಾವತ್ತ್ ಬತ್ರ್? ದಿಬ್ಬ ಹೋದ್ ಮೇಲಾ?”

“ಬೊಬ್ಬರ್ಯನ ಮುಂದೆ ಮಾತ್ ಕೊಟ್ಟಿತ್ತ್.”

ಹಿಂದೆ ನಿಂತಿದ್ದ ಗೋಪಿ, ಸೀತುವಿಗಿಂತ ಹಿರಿಯಳು, ಎಲೆಯಡಿಕೆ ಉಗಿದು ಮುಂದೆ ಬಂದಳು. “ಮಾತ್ ನಾವ್ ಕೊಟ್ಟದ್ದ್ ಸೈ. ದಿಬ್ಬ ಕೊಟ್ಟದ್ದ್ ಯಾರ್ ಹೆಣೆ? ನಿನ್ ಗಂಡ ಬೊಟ್ಟ್ ಮಾಡಿ ತೋರ್ಸ್ದ, ನಿನ್ ಮಗ ಹೆಸ್ರ್ ಬರ್ಸ್ದ. ನಿಮ್ಮನಿಗೆ ಹೊಯ್ಗಿ ದುಡ್ಡ್ ಬತ್ತ್. ನಮ್ಗೆಂತ ಬತ್ತ್, ಬೊಬ್ಬರ್ಯನಾ?”

ಯಾರೂ ನಗಲಿಲ್ಲ. ಸೀತು ಎದುರಿಗಿದ್ದ ಮುಖಗಳನ್ನು ಒಂದೊಂದಾಗಿ ನೋಡಿದಳು. ಹನ್ನೊಂದು ತಿಂಗಳು ಅವರಲ್ಲಿ ಒಬ್ಬಳೂ ಕದ್ದು ಹೋಗಿರಲಿಲ್ಲ. ಮೇ ತಿಂಗಳಲ್ಲಿ ಸುಗುಣಳ ಮನೆಯಲ್ಲಿ ಮೂರು ದಿನ ಬರೀ ಅನ್ನಕ್ಕೆ ಉಪ್ಪು ಇದ್ದದ್ದು ಅವಳಿಗೆ ಗೊತ್ತಿತ್ತು. ಆಗಲೂ ಹೋಗಿರಲಿಲ್ಲ.

“ಆಯ್ತ್,” ಎಂದಳು. “ನಾಳೆ. ದೊಡ್ಡದ್ ಮಾತ್ರ. ಸಣ್ಣದ್ ಬಿಡ್ಕ್.”

“ಸಣ್ಣದ್ ಬಿಡುದ್ ಯಾರಿಗೆ? ಮನೀಷನಿಗಾ?” ಎಂದಳು ಗೋಪಿ.

ಸೀತು ಜಗಲಿಯ ಮೂಲೆಯಿಂದ ತನ್ನ ಬುಟ್ಟಿ ತೆಗೆದು ಧೂಳು ಕೊಡವಿದಳು.

ಶನಿವಾರ ಇಳಿತಕ್ಕೆ ಮೊದಲು ನೀರಿಗೆ ಇಳಿದವಳು ಅವಳೇ. ಕಾಲಿಟ್ಟ ಕಡೆಯೆಲ್ಲ ಮರುವಾಯಿ. ಮರಳಿನ ಕೆಳಗೆ ಕಲ್ಲು ಹಾಸಿದ ಹಾಗೆ ಒತ್ತೊತ್ತಾಗಿ, ಅಂಗೈ ತುಂಬುವಷ್ಟು ದೊಡ್ಡವು. “ಅಬ್ಬಾ, ಕಾಣಿ!” ಎಂದು ಯಾರೋ ಕಿರುಚಿದರು. ಮೊದಲ ಅರ್ಧ ಗಂಟೆ ಹೆಂಗಸರು ಮದುವೆಮನೆಯವರ ಹಾಗೆ ನಗುತ್ತ, ಒಬ್ಬರಿಗೊಬ್ಬರು ತೋರಿಸುತ್ತ ಹೆಕ್ಕಿದರು. ಆಮೇಲೆ ಗಂಡಸರೂ ಇಳಿದರು. ಆಮೇಲೆ ಆಚೆ ದಡದವರು ದೋಣಿ ತಂದರು. ನಮ್ಮದು ಎಂದರೆ “ಸೋಮವಾರದ್ ಮೇಲೆ ಯಾರ್ದ್?” ಎಂದರು. ಮಧ್ಯಾಹ್ನದ ಹೊತ್ತಿಗೆ ಯಾರೂ ಆರಿಸುತ್ತಿರಲಿಲ್ಲ. ಬುಟ್ಟಿಗೆ ಬಂದದ್ದೆಲ್ಲ ಚೀಲಕ್ಕೆ. ಭಾನುವಾರ ಜರಡಿ ಹಿಡಿದು ಬಂದರು. ಸೀತು ಕೂಡ ಜರಡಿ ಹಿಡಿದಿದ್ದಳು. ಉಗುರಿನಗಲದ್ದನ್ನೂ ಅವಳು ಬಿಡಲಿಲ್ಲ.

ಇಷ್ಟು ಮಾಲು ಒಮ್ಮೆಗೇ ಬಂದರೆ ಏನಾಗಬೇಕೋ ಅದೇ ಆಯಿತು. ಶನಿವಾರ ಬೆಳಿಗ್ಗೆ ನೂರಿಪ್ಪತ್ತು ಹೇಳಿದ ವ್ಯಾಪಾರಿ, ಸಂಜೆಗೆ ಎಪ್ಪತ್ತು ಎಂದ, ಭಾನುವಾರ ಮೂವತ್ತೈದು. ಸಣ್ಣದನ್ನು ಕೇಳುವವರೇ ಇಲ್ಲ. ಅದು ಚೀಲದಲ್ಲೇ ಬಾಯಿಬಿಟ್ಟು ನಾರಿತು, ಕೊನೆಗೆ ತೆಂಗಿನಬುಡಕ್ಕೆ ಹೋಯಿತು.

ಆ ರಾತ್ರಿ ವಿನಯಾ ಮರುವಾಯಿ ಸುಕ್ಕ ಮಾಡಿದಳು. ಶೈಲೇಶ ಎರಡು ಸಲ ಬಡಿಸಿಕೊಂಡ. ಕೊರಗ ಚಿಪ್ಪೊಂದನ್ನು ಕೈಯಲ್ಲಿ ತೂಗಿ ನೋಡಿ, “ಇಂಥದ್ದ್ ನನ್ ಅಬ್ಬಿ ಕಾಲದಗೆ ಕಂಡದ್ದ್,” ಎಂದ. ಸೀತು ತನಗೆ ಮಜ್ಜಿಗೆ ಸಾಕು ಎಂದಳು.

ಸೋಮವಾರ ಎಲ್ಲರೂ ದಂಡೆಯಲ್ಲಿ ಕಾದರು. ಒಂದು ದೋಣಿಯೂ ಬರಲಿಲ್ಲ.

ಮಂಗಳವಾರ ಇಳಿತದ ಹೊತ್ತಿಗೆ ಒಂದು ಜೀಪು ಬಂತು. ಇಳಿದದ್ದು ಒಬ್ಬ ಚಿಕ್ಕ ವಯಸ್ಸಿನ ಮಹಿಳಾ ಅಧಿಕಾರಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ. “ಸೀತು ಅಂದ್ರೆ ಯಾರು? ನೀವಾ ಅಮ್ಮ? ಬನ್ನಿ, ನೀವೇ ತೋರಿಸಿ.”

ಕೊರಗ ದೋಣಿ ಹಾಕಿದ. ಹೆಂಗಸರು ದಡದಲ್ಲೇ ನಿಂತರು. ಅಧಿಕಾರಿ ದಿಬ್ಬದ ಮೇಲೆ ಇಳಿದು, ಸೀರೆ ಎತ್ತಿ ಕಟ್ಟಿ, ತಾನೇ ಕೈ ಹಾಕಿ ಮರಳು ಬಗೆದಳು. ಒಂದು ಕಡೆ, ಇನ್ನೊಂದು ಕಡೆ, ಐದಾರು ಕಡೆ. ಸೀತುವೂ ಬಗೆದಳು, ಮೊಣಕೈ ಮುಳುಗುವ ತನಕ. ಒಡೆದ ಚಿಪ್ಪು ಬಿಟ್ಟು ಏನೂ ಬರಲಿಲ್ಲ.

“ಇಲ್ಲಿ ಮರುವಾಯಿ ಇಲ್ವಲ್ಲಮ್ಮ.”

“ಇತ್ತಮ್ಮ. ಶನಿವಾರದ್ ತನಕ ಇತ್ತ್. ನಾವೇ ತೆಗ್ದದ್ದ್. ಸೋಮವಾರ ಹೊಯ್ಗಿ ದೋಣಿ ಬತ್ತ್ ಅಂದ್ರ್, ಹಂಗಾಯಿ…”

“ದೋಣಿ ಹೇಗೆ ಬರ್ತದೆ? ನಿಮ್ಮ ಅರ್ಜಿ ಬಂದ ಮೇಲೆ ಪರ್ಮಿಟ್ ತಡೆದಿಟ್ಟಿದ್ದೇವೆ. ಇವತ್ತು ಮರುವಾಯಿ ಕಂಡಿದ್ರೆ ಇಲ್ಲಿಗೇ ನಿಲ್ಲಿಸ್ಲಿಕ್ಕೆ ಆಗ್ತಿತ್ತು.” ಅವಳ ದನಿಯಲ್ಲಿ ಕೋಪಕ್ಕಿಂತ ಬೇಜಾರೇ ಹೆಚ್ಚಿತ್ತು. “ಹೋದ ಬುಧವಾರ ನಾನೇ ಫೋನ್ ಮಾಡಿದ್ದೆ. ಮಂಗಳವಾರ ಬರ್ತೇವೆ, ಅಲ್ಲಿವರೆಗೆ ಯಾರೂ ಮುಟ್ಬೇಡಿ ಅಂದೆ. ನಿಮ್ಮ ಮಗ ಎತ್ತಿದ್ದು. ಅಮ್ಮನಿಗೆ ಹೇಳ್ತೇನೆ ಅಂದ್ರು.”

ದೋಣಿಯ ಗಳ ಹಿಡಿದು ನಿಂತಿದ್ದ ಕೊರಗ ಕೇಳಿಸಿಕೊಂಡ. ಸೀತು ಕೈಗೆ ಮೆತ್ತಿದ್ದ ಮರಳನ್ನು ನೀರಿನಲ್ಲಿ ನಿಧಾನವಾಗಿ ತೊಳೆದಳು.

“ಅಮ್ಮ,” ಎಂದ ಕೊರಗ ಅಧಿಕಾರಿಗೆ, “ಈ ದಿಬ್ಬ ದೋಣಿಗೆ ತಾಗುದಿಲ್ಲೆ. ಬರ್ಕಣಿ. ನಾನ್ ಮೀನುಗಾರ, ನಾನ್ ಹೇಳ್ತೆ. ತಾಗುದೇ ಇಲ್ಲೆ.”

ಅಧಿಕಾರಿ ಫೈಲು ತಿರುವಿದಳು. “ತಾಗ್ತದೆ ಅಂತ ನಿಮ್ಮದೇ ಸಹಿ ಇದೆಯಲ್ಲ ಅಜ್ಜ.”

ಭರತ ಏರತೊಡಗಿತ್ತು. ದಡ ಮುಟ್ಟಿದ ಕೂಡಲೇ ಹೆಂಗಸರು ಮುತ್ತಿಕೊಂಡರು. ಜೀಪು ಹೊರಡುವ ಮೊದಲೇ ಡ್ರೈವರನ ಬಾಯಿಂದ ಅರ್ಧ ಸುದ್ದಿ ಹೊರಬಿದ್ದಿತ್ತು.

“ಫೋನ್ ಮಾಡಿದ್ರ್ ಅಂಬ್ರಲ್ಲ ಸೀತಕ್ಕ, ಬುಧವಾರವೇ?” ಎಂದಳು ಸುಗುಣ. “ಮುಟ್ಬೇಡಿ ಅಂದಿದ್ರ್ ಅಂಬ್ರ್. ಯಾರಿಗ್ ಮಾಡಿದ್ದ್?”

ಸೀತು ಸುಗುಣಳ ಮುಖ ನೋಡಲಿಲ್ಲ. ದೋಣಿ ಕಟ್ಟುತ್ತಿದ್ದ ಗಂಡನನ್ನು ನೋಡಿದಳು.

“ನಂಗೇ ಮಾಡಿದ್ದ್,” ಎಂದಳು. “ನಾನೇ ಮಾತಾಡದ್ದ್. ಮರ್ತ್ ಹೋಯ್ತ್.”

“ಮರ್ತ್ ಹೋಯ್ತಾ?”

“ಹೌದ್. ಮರ್ತ್ ಹೋಯ್ತ್.”

ಗೋಪಿ ಮಾತ್ರ ಬಾಯಿ ತೆರೆದಳು. “ಹನ್ನೊಂದ್ ತಿಂಗ್ಳ್ ನಮ್ಗೆ ನೆನ್ಪ್ ಮಾಡ್ತಾ ಇದ್ದವ್ಳಿಗೆ ಮರ್ತ್ ಹೋಯ್ತಂಬ್ರ್. ಹೊಯ್ಗಿ ದುಡ್ಡ್ ಮರ್ಸತ್ ಹೆಣೆ, ಎಲ್ಲ ಮರ್ಸತ್.” ಅಷ್ಟು ಹೇಳಿ ಬುಟ್ಟಿ ಎತ್ತಿಕೊಂಡು ಹೊರಟಳು. ಉಳಿದವರೂ ಅವಳ ಹಿಂದೆ ಹೋದರು.

ಮನೆಯಲ್ಲಿ ಶೈಲೇಶ ಮೊಬೈಲು ಹಿಡಿದು ಜಗಲಿಯಲ್ಲಿ ಕೂತಿದ್ದ. ಕೊರಗ ಸೀದಾ ಬಂದು ಅದನ್ನು ಕಿತ್ತು ಅಂಗಳಕ್ಕೆ ಎಸೆದ. ಮಗ ಎದ್ದು ನಿಂತ.

“ನಿನ್ ಅಮ್ಮ ಊರೆದ್ರ್ ತನ್ ಹೆಸ್ರ್ ಹೇಳಿ ಬಂದ್ಲ್,” ಎಂದ ಮುದುಕ. “ನಿನ್ ಹೆಸ್ರ್ ಹೇಳ್ಲಿಲ್ಲೆ. ಗೊತ್ತಾಯ್ತಾ?”

“ಸೋಮವಾರ ಅಂದ್ ಮನೀಷಣ್ಣ ಹೇಳಿದ್ದೇ ಅಪ್ಪಯ್ಯ. ಅದ್ ಸುಳ್ಳಲ್ಲ.”

“ನೀನ್ ಅದನ್ನ ಹೇಳ್ದೆ, ಇದನ್ನ ಮುಚ್ಚಿಟ್ಟೆ,” ಎಂದಳು ವಿನಯಾ ಬಾಗಿಲಲ್ಲಿ ನಿಂತು. ಗಂಡನಿಗೆ ಅವಳು ಏಕವಚನ ಹಾಕಿದ್ದು ಅದೇ ಮೊದಲು.

ಶೈಲೇಶ ತಾಯಿಯ ಕಡೆ ತಿರುಗಿದ. “ನಾನ್ ತೆಗಿರಿ ಅನ್ಲಿಲ್ಲೆ ಅಮ್ಮ. ನೀವೇ ತೆಗ್ದದ್ದ್. ನೀನ್ ಮೊದ್ಲ್ ಇಳ್ದದ್ದ್.”

“ಹೌದ್,” ಎಂದಳು ಸೀತು. “ನಾನೇ ಮೊದ್ಲ್ ಇಳ್ದದ್ದ್. ಉಣ್ಣುಕೆ ಬಾ, ಸಾರ್ ಆರತ್.”

ವಾರ ಕಳೆದು ಪರ್ಮಿಟ್ ಸಿಕ್ಕಿತು, ಹನ್ನೆರಡು ದೋಣಿಗಳು ಬಂದವು. ಇಂಜಿನ್ನಿಗೆ ಶೈಲೇಶ ಮುಂಗಡ ಕೊಟ್ಟು ಬಂದ. ವಿನಯಾ ಮೀನು ಕತ್ತರಿಸುವ ಕೆಲಸಕ್ಕೆ ಎರಡು ದಿನ ರಜೆ ಹಾಕಿದ್ದಳು. ಆಚೆ ದಡದ ಕೆಸರಿನಲ್ಲಿ ಇನ್ನೂ ಸ್ವಲ್ಪ ಮರುವಾಯಿ ಇದೆಯೆಂದು ಹೆಂಗಸರು ಹೊರಟಿದ್ದರು. ಬೆಳಿಗ್ಗೆ ಅವರ ಮಾತು ಬೇಲಿಯ ಆಚೆ ಕೇಳಿಸಿತು. ಸೀತು ಎದ್ದು ಬುಟ್ಟಿ ತೆಗೆದುಕೊಂಡಳು.

“ವಿನಯಾ, ಬತ್ಯಾ?” ಎಂದು ಸುಗುಣ ಕೂಗಿದಳು. ಅಷ್ಟೇ ಕೂಗಿದಳು.

ಸೀತು ಬುಟ್ಟಿಯನ್ನು ಸೊಸೆಯ ಕೈಗೆ ಕೊಟ್ಟಳು. “ನೀನ್ ಹೋಗ್. ಯಾರಾರೂ ಕೇಂಡ್ರೆ, ಅತ್ತೆಗೆ ಹುಷಾರಿಲ್ಲೆ ಅನ್ನ್.”

ವಿನಯಾ ಬೇಲಿಯ ತನಕ ಹೋಗಿ ತಿರುಗಿ ನೋಡಿದಳು.

“ಯಾರೂ ಕೇಂಬುದಿಲ್ಲೆ ಅತ್ತೆ,” ಎಂದಳು.